ಕೊಡಗಿನ ರಾಜಕೀಯವನ್ನು ವಿಕಿಪೀಡಿಯದಲ್ಲಿ ಕೂಡಿ ಬರೆಯುವುದು ಹೇಗೆ?

ಕೊಡಗು ಕೆಲವು ವರ್ಷ ಸ್ವತಂತ್ರ ಭಾರತದ ಒಂದು ಪ್ರತ್ಯೇಕ ರಾಜ್ಯವಾಗಿತ್ತು. 1952ರಲ್ಲಿ ಆರಿಸಿಬಂದ 24 ಶಾಸಕರ ವಿಧಾನಸಭೆ ಇತ್ತು, ಚೆಪ್ಪುಡಿರ ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು. 1956ರ ನವೆಂಬರ್ 1ರಂದು ಆ ರಾಜ್ಯ ಮೈಸೂರಿನೊಂದಿಗೆ ಸೇರಿತು. ಇಷ್ಟನ್ನು ನಮ್ಮ ಶಾಲೆಯ ಮಕ್ಕಳೂ ಹೇಳಿಯಾರು. ಆ ಸಭೆಯಲ್ಲಿ ಸರ್ಕಾರದ ಎದುರು ಕೂತವರು ಯಾರು, ಅವರ ಬೇಡಿಕೆ ಏನಿತ್ತು ಎಂದು ಕೇಳಿದರೆ ಮಾತ್ರ ಹಿರಿಯರ ಮುಖ ನೋಡಬೇಕು, ಇಲ್ಲವೇ ಮೊಬೈಲ್ ತೆಗೆಯಬೇಕು. ಮೊಬೈಲಿನಲ್ಲಿ ಹುಡುಕಿದವರು ಬಹುಮಟ್ಟಿಗೆ ಹೋಗಿ ನಿಲ್ಲುವುದು ವಿಕಿಪೀಡಿಯದ ಮುಂದೆ.

ಅಲ್ಲಿ ಬರೆಯುವವರು ಸಂಬಳದ ಸಿಬ್ಬಂದಿಯಲ್ಲ, ಸ್ವಯಂಸೇವಕರು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಬೆಳೆದಿರುವುದೂ ಮೇಷ್ಟ್ರುಗಳು, ವಿದ್ಯಾರ್ಥಿಗಳು, ನಿವೃತ್ತರು, ಸಾಫ್ಟ್‌ವೇರ್ ಕೆಲಸದವರ ಬಿಡುವಿನ ವೇಳೆಯಿಂದಲೇ. ಹೂವಿನ ಬಗ್ಗೆಯೋ ಜಲಪಾತದ ಬಗ್ಗೆಯೋ ಒಬ್ಬರೇ ಕೂತು ಬರೆಯಬಹುದು. ರಾಜಕೀಯ ಹಾಗಲ್ಲ. ಒಂದೇ ಪಕ್ಷಕ್ಕೆ ಓಟು ಹಾಕುವ ನಾಲ್ವರು ಸೇರಿ ಬರೆದ ಪುಟಕ್ಕಿಂತ, ಬೇರೆ ಬೇರೆ ಪಕ್ಷದ ಇಬ್ಬರು ವಾದ ಮಾಡಿ ಒಪ್ಪಿಕೊಂಡ ಪುಟ ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ದೃಢ ನಂಬಿಕೆ. ಅಂಥ ಪುಟವನ್ನು ಕಟ್ಟುವ ಬಗೆ ಇಲ್ಲಿದೆ.

ಮೊದಲು ಜನ, ಆಮೇಲೆ ಖಾತೆ

ನಾಲ್ಕೈದು ಮಂದಿ ಸಾಕು. ಆದರೆ ಎಲ್ಲರೂ ಒಂದೇ ಕೇರಿಯವರು, ಒಂದೇ ಭಾಷೆಯವರು ಆಗಬಾರದು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತು ಎಲ್ಲ ಕೇಳುವ ಜಿಲ್ಲೆ ನಮ್ಮದು. ಒಂದೇ ಚುನಾವಣೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಥರ ನೆನಪಾಗಿ ಉಳಿದಿದೆ. ಗ್ರಂಥಾಲಯಕ್ಕೆ ಹೋಗಿ ಹಳೆಯ ಸಂಪುಟ ತಿರುವಿಹಾಕುವ ತಾಳ್ಮೆ ಇರುವವರೊಬ್ಬರು, ಕನ್ನಡ ಟೈಪಿಂಗ್ ಚುರುಕಾಗಿ ಬರುವವರೊಬ್ಬರು, ಹಳೆಯ ಚುನಾವಣೆಗಳನ್ನು ಕಣ್ಣಾರೆ ಕಂಡ ಹಿರಿಯರೊಬ್ಬರು ಇರಲಿ.

ಹಿರಿಯರ ವಿಷಯದಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳಬೇಕು. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಜಗಲಿಯಲ್ಲಿ ಅಜ್ಜ ಹೇಳಿದ್ದು ಎಷ್ಟೇ ನಿಜವಾಗಿದ್ದರೂ ವಿಕಿಪೀಡಿಯಕ್ಕೆ ಆಧಾರವಾಗುವುದಿಲ್ಲ. ಅಚ್ಚಾದ, ಬೇರೆಯವರೂ ತೆಗೆದು ನೋಡಬಹುದಾದ ಮೂಲವೇ ಬೇಕು. ಅಜ್ಜನ ಮಾತು ವ್ಯರ್ಥ ಎಂದು ಇದರ ಅರ್ಥವಲ್ಲ. ‘ಆ ವರ್ಷ ಮಳೆಗಾಲಕ್ಕೆ ಮುಂಚೆ ವಿರಾಜಪೇಟೆಯಲ್ಲಿ ದೊಡ್ಡ ಸಭೆ ಆಗಿತ್ತು’ ಎಂದು ಅವರು ಹೇಳಿದರೆ, ಯಾವ ವರ್ಷದ, ಯಾವ ತಿಂಗಳ ಪತ್ರಿಕೆ ನೋಡಬೇಕು ಎಂಬುದು ಗೊತ್ತಾಯಿತಲ್ಲ. ಹಾಗೆ ಹುಡುಕಿ ಸಿಕ್ಕ ವರದಿಯೇ ಆಧಾರ.

ಖಾತೆ ತೆರೆಯುವುದು ಐದು ನಿಮಿಷದ ಕೆಲಸ. ಒಬ್ಬರಿಗೆ ಒಂದೇ ಖಾತೆ. ಸಂಘದ ಹೆಸರಲ್ಲಿ ಒಂದು ಖಾತೆ ಮಾಡಿ ಎಲ್ಲರೂ ಬಳಸುವಂತಿಲ್ಲ. ಕಾಲೇಜಿನಲ್ಲಿ ಕಾರ್ಯಾಗಾರ ಇಟ್ಟುಕೊಂಡರೆ ಒಂದು ತೊಡಕು ಬರುತ್ತದೆ: ಒಂದೇ ವೈಫೈನಿಂದ ದಿನಕ್ಕೆ ಆರು ಹೊಸ ಖಾತೆಗಳಿಗಷ್ಟೇ ಅವಕಾಶ. ಏಳನೆಯವರಿಂದ ಎಲ್ಲರೂ ಸುಮ್ಮನೆ ಕೂರಬೇಕಾಗುತ್ತದೆ. ಹಿಂದಿನ ದಿನವೇ ಅವರವರ ಮೊಬೈಲ್ ಡೇಟಾದಲ್ಲಿ ಖಾತೆ ಮಾಡಿಸಿಬಿಡಿ. ಕನ್ನಡ ಟೈಪಿಂಗಿಗೆ ಬೇರೆ ತಂತ್ರಾಂಶ ಬೇಡ. ಕಂಪ್ಯೂಟರಿನಲ್ಲಾದರೆ ಬರೆಯುವ ಚೌಕದ ಬದಿಯಲ್ಲೇ ಕೀಲಿಮಣೆ ಆಯ್ಕೆ ಸಿಗುತ್ತದೆ.

ನೀವು ಯಾವುದಾದರೂ ಪಕ್ಷದ ಪದಾಧಿಕಾರಿಯೋ ಶಾಸಕರ ಆಪ್ತ ಸಹಾಯಕರೋ ಆಗಿದ್ದರೆ ನಿಮ್ಮ ಸದಸ್ಯ ಪುಟದಲ್ಲಿ ಅದನ್ನು ಬರೆದುಕೊಳ್ಳಿ. ನಿಮ್ಮ ನಾಯಕರ ಪುಟವನ್ನು ನೇರವಾಗಿ ತಿದ್ದಬೇಡಿ, ಬೇಕಾದ ಬದಲಾವಣೆಯನ್ನು ಆ ಲೇಖನದ ಜೊತೆಗೇ ಇರುವ ಚರ್ಚೆ ಪುಟದಲ್ಲಿ ಸೂಚಿಸಿ. ದುಡ್ಡು ಪಡೆದು ಬರೆಯುವವರು ಯಾರಿಂದ ಪಡೆದರು ಎಂದು ಬಹಿರಂಗಪಡಿಸುವುದು ಬಳಕೆಯ ಷರತ್ತಿನಲ್ಲೇ ಇದೆ.

ಈಗಿನ ಶಾಸಕರಿಂದ ಶುರು ಮಾಡಬೇಡಿ

ಹೊಸಬರ ಕೈ ಮೊದಲು ಹೋಗುವುದು ಈಗ ಅಧಿಕಾರದಲ್ಲಿರುವವರ ಪುಟಕ್ಕೆ. ಬಿಸಿ ಅಲ್ಲೇ ಹೆಚ್ಚು, ಕಲಿಯಲು ಸಿಗುವುದು ಕಡಿಮೆ. ಹಳೆಯ ಚುನಾವಣೆಯನ್ನೋ ಕ್ಷೇತ್ರದ ಇತಿಹಾಸವನ್ನೋ ಹಿಡಿಯಿರಿ. ಕೊಡಗಿನಲ್ಲಿ ಅದಕ್ಕೆ ಒಳ್ಳೆಯ ಸಾಮಗ್ರಿ ಇದೆ, ತಪ್ಪಾಗುವ ಜಾಗಗಳೂ ಇವೆ. ಇವತ್ತು ಜಿಲ್ಲೆಗೆ ಎರಡೇ ವಿಧಾನಸಭಾ ಕ್ಷೇತ್ರ, ಮಡಿಕೇರಿ ಮತ್ತು ವಿರಾಜಪೇಟೆ. 2008ರ ಪುನರ್ವಿಂಗಡಣೆಗೆ ಮುಂಚೆ ಸೋಮವಾರಪೇಟೆಯೂ ಇತ್ತು. 1980ರಿಂದ 1983ರವರೆಗೆ ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾವ್ ಅಲ್ಲಿಂದಲೇ ಗೆದ್ದವರು. ಲೋಕಸಭೆಗೂ ಹಾಗೆಯೇ. ಈಗ ನಾವು ಮೈಸೂರಿನ ಜೊತೆ ಓಟು ಹಾಕುತ್ತೇವೆ. ಮುಂಚೆ ಮಂಗಳೂರು ಕ್ಷೇತ್ರದಲ್ಲಿದ್ದೆವು. ಪೂಣಚ್ಚನವರು 1967ರಲ್ಲಿ ಲೋಕಸಭೆಗೆ ಹೋದದ್ದು ಮಂಗಳೂರಿನಿಂದ. ಈಗಿನ ನಕ್ಷೆಯನ್ನು ಹಿಂದಕ್ಕೆ ಹೊಂದಿಸಿ ಬರೆದರೆ ಇವೆಲ್ಲ ತಪ್ಪಿಹೋಗುತ್ತವೆ.

ಒಂದು ಸಾಲನ್ನು ಕೂಡಿ ಬರೆಯುವ ರೀತಿ

ಇದನ್ನು ಉದಾಹರಣೆಯಿಂದಲೇ ನೋಡೋಣ. 1952ರ ಕೊಡಗು ವಿಧಾನಸಭಾ ಚುನಾವಣೆಯ ಪುಟ ತೆರೆದಿದ್ದೀರಿ ಎಂದುಕೊಳ್ಳಿ. ಒಬ್ಬರು ಹೀಗೆ ಬರೆದರು: ‘ಮೈಸೂರಿನೊಂದಿಗೆ ವಿಲೀನವಾಗಲು ಕೊಡಗಿನ ಜನ ಒಪ್ಪಲಿಲ್ಲ.’ ಮರುದಿನ ಇನ್ನೊಬ್ಬರು ಅದನ್ನು ಅಳಿಸಿ, ‘ವಿಲೀನವನ್ನು ಕೊಡಗಿನ ಜನ ಸ್ವಾಗತಿಸಿದರು’ ಎಂದರು. ಇಬ್ಬರೂ ತಮ್ಮ ಮನೆಯಲ್ಲಿ ಕೇಳಿದ್ದನ್ನೇ ಬರೆದಿದ್ದಾರೆ. ಇಬ್ಬರಲ್ಲೂ ಕೆಟ್ಟ ಉದ್ದೇಶವಿಲ್ಲ.

ಈಗ ಮೂರನೆಯವರು ಮಾಡಬೇಕಾದದ್ದು ಯಾರ ಪರ ವಹಿಸುವುದಲ್ಲ, ದಾಖಲೆ ತೆಗೆಯುವುದು. ಕಾಂಗ್ರೆಸ್ಸಿಗೆ 15 ಸ್ಥಾನ, ಪಕ್ಷೇತರರಿಗೆ 9. ಕಾಂಗ್ರೆಸ್ ವಿಲೀನದ ಪರವಿತ್ತು. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ಪಂದ್ಯಂಡ ಬೆಳ್ಯಪ್ಪನವರ ಮುಂದಾಳತ್ವದಲ್ಲಿ, ತಕ್ಕಡಿಯನ್ನು ಗುರುತಾಗಿಟ್ಟುಕೊಂಡ ‘ತಕ್ಕಡಿ ಪಕ್ಷ’ ಅದನ್ನು ವಿರೋಧಿಸಿತು. ಇಷ್ಟು ಸಿಕ್ಕ ಮೇಲೆ ‘ಕೊಡಗಿನ ಜನ’ ಎಂಬ ಕರ್ತೃಪದ ಎರಡೂ ವಾಕ್ಯಗಳಲ್ಲಿ ನಿಲ್ಲುವುದಿಲ್ಲ. ಚರ್ಚೆ ಪುಟದಲ್ಲಿ ಕರಡು ಹೀಗೆ ಬರುತ್ತದೆ:

‘ವಿಲೀನದ ಪರವಾಗಿದ್ದ ಕಾಂಗ್ರೆಸ್ 24ರಲ್ಲಿ 15 ಸ್ಥಾನ ಗೆದ್ದಿತು. ಪಂದ್ಯಂಡ ಬೆಳ್ಯಪ್ಪ ಅವರ ನೇತೃತ್ವದ ತಕ್ಕಡಿ ಪಕ್ಷ ವಿಲೀನವನ್ನು ವಿರೋಧಿಸಿತ್ತು. ಉಳಿದ 9 ಸ್ಥಾನಗಳು ಪಕ್ಷೇತರರಿಗೆ ದೊರೆತವು.’

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಊರವರು ‘ತಕ್ಕಡಿ ಪಕ್ಷ’ ಎನ್ನುತ್ತಾರೆ, ಚುನಾವಣಾ ದಾಖಲೆ ‘ಪಕ್ಷೇತರರು’ ಎನ್ನುತ್ತದೆ. ಎರಡನ್ನೂ ಅವುಗಳ ಮೂಲದ ಸಮೇತ ಹೇಳಬೇಕು, ಒಂದನ್ನು ತಿಂದುಹಾಕಬಾರದು. ಗೆದ್ದ ಒಂಬತ್ತೂ ಮಂದಿ ತಕ್ಕಡಿಯವರೇ ಎಂದು ಬರೆಯಬಹುದೇ? ಹಾಗೆಂದು ಹೇಳುವ ಪುಸ್ತಕವೋ ವರದಿಯೋ ಕೈಯಲ್ಲಿದ್ದರೆ ಮಾತ್ರ. 15 ಸ್ಥಾನ ಬಂದದ್ದರಿಂದ ಬಹುಜನ ವಿಲೀನ ಬಯಸಿದ್ದರು ಎನ್ನಬಹುದೇ? ಅದು ನಿಮ್ಮ ತರ್ಕ. ಜನ ಓಟು ಹಾಕುವುದಕ್ಕೆ ನೂರು ಕಾರಣ ಇರುತ್ತವೆ. ಒಬ್ಬ ಇತಿಹಾಸಕಾರರು ಹಾಗೆ ಅಭಿಪ್ರಾಯಪಟ್ಟಿದ್ದರೆ ಅವರ ಹೆಸರು ಹೇಳಿ ಬರೆಯಿರಿ. ಸ್ವಂತ ಸಂಶೋಧನೆಗೆ ಜಾಗವಿಲ್ಲ ಎಂಬ ನಿಯಮದ ತಿರುಳು ಇದೇ. ಮೂರು ಸಾಲಿಗೆ ಇಷ್ಟೊಂದು ಪಾಡೇ ಎನ್ನಬೇಡಿ. ಈ ಮೂರು ಸಾಲನ್ನು ಇನ್ನು ಯಾವ ಪಕ್ಷದವರೂ ಸುಲಭಕ್ಕೆ ಅಲುಗಾಡಿಸಲಾರರು.

ಎಲ್ಲ ರಾಜಕೀಯ ಪುಟಕ್ಕೂ ಇದೇ ದಾರಿ. ವಿಷಯ ಸುಡುವಂಥದ್ದಾದಷ್ಟೂ ‘ಯಾರು ಹೇಳಿದರು’ ಎಂಬುದು ಮುಖ್ಯವಾಗುತ್ತದೆ. ಟಿಪ್ಪು ಜಯಂತಿಯನ್ನು ರಾಜ್ಯ ಸರ್ಕಾರ 2015ರಲ್ಲಿ ಆರಂಭಿಸಿತು, 2019ರಲ್ಲಿ ಬಂದ ಸರ್ಕಾರ ರದ್ದು ಮಾಡಿತು. ಇದು ದಾಖಲೆ. ಟಿಪ್ಪುವಿನ ಕಾಲದಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ ಕೊಡವರ ಸಂಖ್ಯೆ ಮಾತ್ರ ಒಂದೊಂದು ಗ್ರಂಥದಲ್ಲಿ ಒಂದೊಂದು. ಅಲ್ಲಿ ಒಂದು ಸಂಖ್ಯೆಯನ್ನು ಆರಿಸಿಕೊಂಡು ಅದೇ ಸತ್ಯ ಎನ್ನದೆ, ಯಾವ ಸಂಖ್ಯೆ ಯಾರದು, ಯಾವ ಕಾಲದ್ದು ಎಂದು ಸಾಲಾಗಿ ಇಡಬೇಕು. ಓದುಗರನ್ನು ಅಷ್ಟರಮಟ್ಟಿಗೆ ನಂಬೋಣ.

ಆಧಾರ ಎಲ್ಲಿ ಸಿಗುತ್ತದೆ

ಹಳೆಯ ಚುನಾವಣೆಗಳ ಅಂಕಿಅಂಶ ವರದಿಗಳು ಚುನಾವಣಾ ಆಯೋಗದ ತಾಣದಲ್ಲೇ ಇವೆ. ಸ್ಥಳೀಯ ಸುದ್ದಿಗೆ, 1957ರಿಂದ ಮಡಿಕೇರಿಯಲ್ಲಿ ಅಚ್ಚಾಗುತ್ತಿರುವ ‘ಶಕ್ತಿ’ ದಿನಪತ್ರಿಕೆಯಂಥ ಭಂಡಾರ ಇನ್ನೊಂದಿಲ್ಲ. ಆಧಾರಕ್ಕೆ ಇಂಟರ್‌ನೆಟ್ ಕೊಂಡಿ ಇರಲೇಬೇಕು ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಪತ್ರಿಕೆಯ ಹೆಸರು, ದಿನಾಂಕ, ಪುಟ ಕೊಟ್ಟರೆ ಸಾಕು. ಬ್ರಿಟಿಷರ ಕಾಲದ ಗೆಜೆಟಿಯರುಗಳನ್ನು ಎಚ್ಚರದಿಂದ ಬಳಸಿ. ಆಡಳಿತದ ವಿವರಕ್ಕೆ ಅವು ಉಪಯುಕ್ತ, ಜಾತಿ-ಜನಾಂಗದ ಬಗ್ಗೆ ಅವು ಕೊಡುವ ತೀರ್ಪುಗಳನ್ನು ಹಾಗೇ ಎತ್ತಿ ಹಾಕಬಾರದು. ಪಕ್ಷದ ಪ್ರಣಾಳಿಕೆ, ನಾಯಕರ ಫೇಸ್‌ಬುಕ್ ಪುಟ ಇವೆಲ್ಲ ‘ಅವರು ಹೀಗೆ ಹೇಳಿದರು’ ಎಂಬುದಕ್ಕಷ್ಟೇ ಸಾಕ್ಷಿ.

ಎಐ ಬರೆದುಕೊಟ್ಟದ್ದನ್ನು ಅಂಟಿಸುವವರು ಹೆಚ್ಚಾಗುತ್ತಿದ್ದಾರೆ. ಅದು ಇಲ್ಲದ ಪುಸ್ತಕವನ್ನು, ಇಲ್ಲದ ಪುಟಸಂಖ್ಯೆಯನ್ನು ನಂಬುವ ಹಾಗೆ ಬರೆದುಕೊಡುತ್ತದೆ. ನೀವು ಕಣ್ಣಾರೆ ಓದದ ಮೂಲವನ್ನು ಅಡಿಟಿಪ್ಪಣಿಗೆ ಸೇರಿಸಬೇಡಿ.

ಚರ್ಚೆ ಪುಟದ ನಡವಳಿಕೆ

ಪ್ರತಿ ಲೇಖನದ ತಲೆಯ ಮೇಲೂ ‘ಚರ್ಚೆ’ ಎಂಬ ಕೊಂಡಿ ಇರುತ್ತದೆ. ರಾಜಕೀಯ ಪುಟದ ನಿಜವಾದ ಕೆಲಸ ನಡೆಯುವುದು ಅಲ್ಲಿ. ನಿಮ್ಮ ಮಾತಿನ ಕೊನೆಗೆ ನಾಲ್ಕು ಟಿಲ್ಡೆ ಗುರುತು (~~~~) ಒತ್ತಿದರೆ ಹೆಸರು, ಸಮಯ ತಾನಾಗಿ ಮೂಡುತ್ತವೆ. ಬರೆದವರ ಬಗ್ಗೆ ಮಾತಾಡಬೇಡಿ, ಬರೆದದ್ದರ ಬಗ್ಗೆ ಮಾತಾಡಿ. ‘ನೀವು ಅವರ ಪಕ್ಷದವರು, ಅದಕ್ಕೇ ಹೀಗೆ’ ಎಂದು ಶುರುವಾದ ಚರ್ಚೆ ಅಲ್ಲಿಗೇ ಸತ್ತಂತೆ. ಇದರ ಬದಲು ಹೀಗೆ ಬರೆದು ನೋಡಿ: ‘ಸಾರ್, ನೀವು ಸೇರಿಸಿದ ಎರಡನೇ ಪ್ಯಾರಾಕ್ಕೆ ಆಧಾರ ಕಾಣಲಿಲ್ಲ. ಪುಸ್ತಕ ನಿಮ್ಮ ಹತ್ತಿರ ಇದ್ದರೆ ಪುಟಸಂಖ್ಯೆ ಹಾಕುತ್ತೀರಾ? ಒಂದು ವಾರ ಕಾಯುತ್ತೇನೆ.’ ಉತ್ತರ ಬಂದೇ ಬರುತ್ತದೆ ಎಂದಲ್ಲ. ಆದರೆ ನೀವು ಕೇಳಿದ್ದು ದಾಖಲಾಗಿರುತ್ತದೆ, ಮುಂದೆ ಬರುವವರಿಗೆ ವಿಷಯ ಗೊತ್ತಾಗುತ್ತದೆ.

ನಿಮ್ಮ ತಿದ್ದುಪಡಿಯನ್ನು ಯಾರಾದರೂ ತೆಗೆದುಹಾಕಿದರೆ ಮತ್ತೆ ಹಾಕಲು ಹೋಗಬೇಡಿ, ಚರ್ಚೆಗೆ ಬನ್ನಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ಬದಲಾವಣೆಯನ್ನು ರದ್ದು ಮಾಡಿದರೆ ಖಾತೆಗೆ ತಡೆ ಬೀಳಬಹುದು. ಭಾರತ ಮತ್ತು ಪಾಕಿಸ್ತಾನಕ್ಕೆ ಸಂಬಂಧಿಸಿದ ವಿಷಯಗಳಿಗೆ ಅಲ್ಲಿ ಇನ್ನೂ ಬಿಗಿಯಾದ ಕಟ್ಟಳೆಗಳಿವೆ. ಮಾತು ಬಗೆಹರಿಯದಿದ್ದರೆ ಕನ್ನಡ ವಿಕಿಪೀಡಿಯದ ‘ಅರಳಿಕಟ್ಟೆ’ಯಲ್ಲಿ ಇಟ್ಟು ಉಳಿದ ಸಂಪಾದಕರ ಅಭಿಪ್ರಾಯ ಕೇಳಬಹುದು, ನಿರ್ವಾಹಕರನ್ನೂ ಸಂಪರ್ಕಿಸಬಹುದು. ವಾಟ್ಸಾಪ್ ಗುಂಪಿನಲ್ಲಿ ‘ಎಲ್ಲರೂ ಬಂದು ನನ್ನ ಪರ ಬರೆಯಿರಿ’ ಎಂದು ಕರೆ ಕೊಡುವುದು ಮಾತ್ರ ಸಲ್ಲದು. ಅಲ್ಲಿ ಲೆಕ್ಕಕ್ಕೆ ಬರುವುದು ಆಧಾರದ ತೂಕ, ತಲೆಗಳ ಎಣಿಕೆ ಅಲ್ಲ.

ಬದುಕಿರುವವರ ಬಗ್ಗೆ

ಇಲ್ಲಿ ರಿಯಾಯಿತಿ ಇಲ್ಲ. ಬದುಕಿರುವ ರಾಜಕಾರಣಿಯ ಬಗ್ಗೆ ಆಧಾರವಿಲ್ಲದ ಆಪಾದನೆ ಕಂಡರೆ ಚರ್ಚೆಗೂ ಕಾಯದೆ ತೆಗೆಯಬೇಕು. ಅವರು ನೀವು ವಿರೋಧಿಸುವ ನಾಯಕರಾದರೂ ಅಷ್ಟೇ. ದೂರು ದಾಖಲಾದದ್ದು ಬೇರೆ, ತೀರ್ಪು ಬಂದದ್ದು ಬೇರೆ. ಮನೆಯವರ ಹೆಸರು, ಆರೋಗ್ಯ, ಮನೆ ವಿಳಾಸ ಬೇಡ. ಹೊಗಳಿಕೆಗೂ ಇದೇ ಕಟ್ಟುನಿಟ್ಟು. ‘ಅಭಿವೃದ್ಧಿಯ ಹರಿಕಾರ’, ‘ಬಡವರ ಬಂಧು’ ಇವು ಫ್ಲೆಕ್ಸಿನ ಭಾಷೆ. ಯಾವ ಊರಿನ ಯಾವ ಸೇತುವೆ, ಯಾವ ವರ್ಷ ಎಂದು ಬರೆದರೆ ಆ ನಾಯಕರಿಗೂ ಅದೇ ಹೆಚ್ಚಿನ ಗೌರವ.

ಮಳೆ, ನೆಟ್‌ವರ್ಕ್ ಮತ್ತು ಫಲಿತಾಂಶದ ದಿನ

ಜೂನ್ ಬಂತೆಂದರೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಕರಡನ್ನು ಮೊಬೈಲಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ನಿಮ್ಮ ಪ್ರಯೋಗಪುಟಕ್ಕೆ (ಕರಡು ಬರೆದು ನೋಡಲು ಇರುವ ನಿಮ್ಮದೇ ಪುಟ) ಹಾಕಿ, ಅಲ್ಲಿ ಎಲ್ಲರೂ ನೋಡಿದ ಮೇಲೆ ಲೇಖನಕ್ಕೆ ಸಾಗಿಸಿ. ಇಬ್ಬರು ಒಂದೇ ಭಾಗವನ್ನು ಒಂದೇ ಹೊತ್ತಿಗೆ ತಿದ್ದಿದರೆ ತಡವಾಗಿ ಉಳಿಸಿದವರಿಗೆ ತಿದ್ದುಪಡಿ ಡಿಕ್ಕಿಯಾಗಿ ಕೆಲಸ ನಿಲ್ಲುತ್ತದೆ. ಹಿನ್ನೆಲೆ ಒಬ್ಬರು, ಫಲಿತಾಂಶದ ಪಟ್ಟಿ ಒಬ್ಬರು ಎಂದು ಮೊದಲೇ ಹಂಚಿಕೊಳ್ಳಿ. ಪ್ರತಿ ಸಲ ಉಳಿಸುವಾಗ ಸಾರಾಂಶದ ಚೌಕದಲ್ಲಿ ಏನು ಬದಲಾಯಿಸಿದಿರಿ ಎಂದು ಒಂದು ಸಾಲು ಬರೆಯಿರಿ. ಪುಟವನ್ನು ಎಲ್ಲರೂ ತಮ್ಮ ವೀಕ್ಷಣಾ ಪಟ್ಟಿಗೆ ಸೇರಿಸಿಕೊಂಡರೆ ಮುಂದೆ ಯಾರೇ ಕೈ ಹಾಕಿದರೂ ತಿಳಿಯುತ್ತದೆ.

ಮತ ಎಣಿಕೆಯ ದಿನ ಟಿವಿಯಲ್ಲಿ ಮುನ್ನಡೆ ಕಂಡ ಕೂಡಲೇ ಕೆಲವರು ವಿಕಿಪೀಡಿಯದಲ್ಲಿ ಹೊಸ ಶಾಸಕರನ್ನು ಕೂರಿಸಿಬಿಡುತ್ತಾರೆ. ಚುನಾವಣಾಧಿಕಾರಿ ಘೋಷಿಸುವವರೆಗೆ, ಆಯೋಗದ ತಾಣದಲ್ಲಿ ಅಂತಿಮ ಸಂಖ್ಯೆ ಬರುವವರೆಗೆ ಕಾಯಿರಿ. ಗೆದ್ದವರ ಪುಟ ತಿದ್ದುವುದರ ಜೊತೆಗೆ ಕ್ಷೇತ್ರದ ಪುಟದಲ್ಲಿ ಸೋತವರ ಮತಗಳನ್ನೂ ತುಂಬಿ. ಫೋಟೊ ಬೇಕಿದ್ದರೆ ನೀವೇ ತೆಗೆದದ್ದನ್ನು ವಿಕಿಪೀಡಿಯದ ಚಿತ್ರಗಳನ್ನು ಇಡುವ ತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ. ಪತ್ರಿಕೆಯಿಂದ ಕತ್ತರಿಸಿದ್ದು, ಪಕ್ಷದ ಪ್ರಚಾರ ಪುಟದಿಂದ ಇಳಿಸಿಕೊಂಡದ್ದು ಹಕ್ಕುಸ್ವಾಮ್ಯದ ಕಾರಣಕ್ಕೆ ಅಳಿಸಿಹೋಗುತ್ತವೆ.