ಅಶ್ವಿನಿ ಮಳೆಗೆ ಕಾದು ಹಿತ್ತಲು ಹಸನು ಮಾಡಿದ ಲೆಕ್ಕ: ನನ್ನ ಅನುಭವ

ಯುಗಾದಿಗೆ ಮುನ್ನ ಹಿತ್ತಲನ್ನು ಕೆತ್ತಿಸಿ, ಗುಡಿಸಿ, ಕಸಕ್ಕೆ ಬೆಂಕಿಯಿಟ್ಟು ಕೈತೊಳೆದುಕೊಳ್ಳುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ಕೈಬಿಟ್ಟು ಕೆಲವು ವರ್ಷಗಳಾದವು. ಶಿಡ್ಲಘಟ್ಟ ತಾಲ್ಲೂಕಿನಲ್ಲಿರುವ ನಮ್ಮ ಮನೆಯ ಹಿಂದೆ ಐದಾರು ಗುಂಟೆ ಜಾಗವಿದ್ದು, ಅದರಲ್ಲಿ ಎರಡು ಹೊಂಗೆ, ಒಂದು ಬೇವು, ಒಂದು ಮಾವು, ನಾಲ್ಕು ತೆಂಗು, ಬೇಲಿಯುದ್ದಕ್ಕೂ ಸೀತಾಫಲ ಇವೆ. ಹಬ್ಬ ಮುಗಿದ ಮೇಲೆ ಹಿತ್ತಲಿಗೆ ಕೈಹಾಕುತ್ತೇನೆಂದು ಹೇಳಿದಾಗ ನೆಂಟರಿಷ್ಟರು ನಕ್ಕಿದ್ದರು, ಕೂಲಿಯವರೂ ನಕ್ಕಿದ್ದರು. ಈಗ ಮಳೆಗಾಲದಲ್ಲಿ ಪಾರ್ಥೇನಿಯಂ (ಕಾಂಗ್ರೆಸ್ ಗಿಡ) ಕೀಳಿಸಲು ಆಳು ಕರೆಯುವ ಪ್ರಮೇಯವೇ ಬಾರದಿರುವುದನ್ನು ನೋಡಿ ಅವರಲ್ಲಿ ಇಬ್ಬರು ತಾವೂ ಹಾಗೆಯೇ ಮಾಡತೊಡಗಿದ್ದಾರೆ. ಆದ್ದರಿಂದ ಬರೆಯುವ ಧೈರ್ಯ ಬಂದಿದೆ.

ನನ್ನ ವಾದವಿಷ್ಟೇ. ಯುಗಾದಿ ಚಾಂದ್ರಮಾನದ ಹಬ್ಬ, ಅದು ಪ್ರತಿ ವರ್ಷ ಓಡಾಡುತ್ತದೆ. 2023ರಲ್ಲಿ ಮಾರ್ಚ್ 22ಕ್ಕೆ ಬಂದಿತ್ತು, 2024ರಲ್ಲಿ ಏಪ್ರಿಲ್ 9ಕ್ಕೆ ಹೋಯಿತು, 2025ರಲ್ಲಿ ಮಾರ್ಚ್ 30ಕ್ಕೆ ಬಂತು, 2026ರಲ್ಲಿ ಮಾರ್ಚ್ 19. ಎಲೆ ಉದುರುವುದಕ್ಕೂ ಕಳೆ ಹುಟ್ಟುವುದಕ್ಕೂ ಈ ಓಡಾಟದ ಹಂಗಿಲ್ಲ. ಮಳೆ ನಕ್ಷತ್ರಗಳು ಮಾತ್ರ ಸೂರ್ಯನ ಲೆಕ್ಕದವಾದ್ದರಿಂದ ಒಂದು ದಿನ ಆಚೀಚೆಯಾದರೂ ಪ್ರತಿ ವರ್ಷ ಅದೇ ತಾರೀಖಿಗೆ ಹುಟ್ಟುತ್ತವೆ: ರೇವತಿ ಮಾರ್ಚ್ ಕೊನೆಗೆ, ಅಶ್ವಿನಿ ಏಪ್ರಿಲ್ 13–14ಕ್ಕೆ, ಭರಣಿ 27ರ ಸುಮಾರಿಗೆ, ಕೃತ್ತಿಕೆ ಮೇ 11ರ ಹೊತ್ತಿಗೆ, ರೋಹಿಣಿ 25ರ ಹೊತ್ತಿಗೆ. ಹೊಲದ ಕೆಲಸವನ್ನೆಲ್ಲ ಈ ಲೆಕ್ಕದಲ್ಲಿ ಮಾಡುವ ನಾವು ಹಿತ್ತಲಿನ ಕೆಲಸವನ್ನು ಮಾತ್ರ ಹಬ್ಬಕ್ಕೆ ಏಕೆ ಕಟ್ಟಿಹಾಕಿಕೊಂಡೆವೋ ತಿಳಿಯದು.

ಹಬ್ಬಕ್ಕೆ ಕಟ್ಟಿಹಾಕಿದ್ದರಿಂದ ಆಗುತ್ತಿದ್ದ ಖರ್ಚನ್ನು ನೆನಪಿನಿಂದ ಹೇಳುತ್ತೇನೆ. ಹಬ್ಬದ ಹಿಂದಿನ ವಾರ ಊರಿನವರೆಲ್ಲರಿಗೂ ಆಳು ಬೇಕು. ಮಾಮೂಲು ದಿನಗಳಲ್ಲಿ 700 ರೂಪಾಯಿಗೆ ಬರುವ ಗಂಡಾಳು 850 ಕೇಳುತ್ತಾನೆ, ಊಟ ಕಾಫಿ ಬೇರೆ, ಬಂದರೂ ಹನ್ನೊಂದಕ್ಕೆ ಬರುತ್ತಾನೆ. ಎರಡು ದಿನದ ಕೆತ್ತನೆಗೆ ಐದು ಸಾವಿರದ ಆಸುಪಾಸು, ಕಸ ಸಾಗಿಸುವ ಟ್ರ್ಯಾಕ್ಟರ್‌ಗೆ 1,200 ಆಗುತ್ತಿತ್ತು. ಕಸದ ಗಾಡಿಯವರು ಅಡುಗೆಮನೆಯ ಕಸ ಬಿಟ್ಟು ತರಗೆಲೆಯನ್ನು ಮುಟ್ಟುವುದೂ ಇಲ್ಲ. ಹಬ್ಬ ಮಾರ್ಚ್ ಮೂರನೇ ವಾರದಲ್ಲಿ ಬಂದ ವರ್ಷಗಳಲ್ಲಿ ಹೊಂಗೆ ಇನ್ನೂ ಅರ್ಧ ಎಲೆ ಹೊತ್ತುಕೊಂಡಿರುತ್ತಿತ್ತು. ಹೋಳಿಗೆ ಅರಗುವಷ್ಟರಲ್ಲಿ ಅಂಗಳ ಮತ್ತೆ ತುಂಬುತ್ತಿತ್ತು. ಆಮೇಲೆ ಜೂನ್‌ನಲ್ಲಿ ಕಾಂಗ್ರೆಸ್ ಗಿಡ ಮೊಣಕಾಲು ಮುಟ್ಟಿದಾಗ ಒಮ್ಮೆ, ಆಗಸ್ಟ್‌ನಲ್ಲಿ ಸೊಂಟ ಮುಟ್ಟಿದಾಗ ಇನ್ನೊಮ್ಮೆ ಕೂಲಿ ಕೊಡಬೇಕಾಗುತ್ತಿತ್ತು. ಎಲ್ಲ ಸೇರಿ ವರ್ಷಕ್ಕೆ ಹನ್ನೆರಡು ಹದಿಮೂರು ಸಾವಿರ. ನಮ್ಮ ಬೀದಿಯಲ್ಲೇ ಒಬ್ಬರು ಬೇಸತ್ತು ಜೆಸಿಬಿ ತರಿಸಿ ಹಿತ್ತಲನ್ನು ಬಳಿಸಿದರು. ಮೇಲ್ಮಣ್ಣೆಲ್ಲ ಮೂಲೆ ಸೇರಿತು, ಕೆಳಗಿನ ಸುದ್ದೆಮಣ್ಣಿನಲ್ಲಿ ಮುಂದಿನ ವರ್ಷ ಕಳೆಯೊಂದೇ ಚೆನ್ನಾಗಿ ಬಂತು.

ಈಗ ನಾನು ಕೆಲಸವನ್ನು ಎರಡಾಗಿ ಒಡೆದಿದ್ದೇನೆ: ಮಣ್ಣು ಮುಟ್ಟದ ಕೆಲಸ ಮೊದಲು, ಮಣ್ಣು ಮುಟ್ಟುವ ಕೆಲಸ ಮಳೆ ಬಿದ್ದ ಮೇಲೆ.

ಮೊದಲನೆಯದಕ್ಕೆ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಸಮಯ. ಸೀತಾಫಲ ಆಗ ಬೋಳಾಗಿರುವುದರಿಂದ ಒಣರೆಂಬೆ, ಒಳಗೆ ಹೆಣೆದುಕೊಂಡ ರೆಂಬೆಗಳು ಕಣ್ಣಿಗೆ ಕಾಣುತ್ತವೆ, ಚಿಗುರುವ ಮೊದಲೇ ಕತ್ತರಿಸಿದರೆ ಹೊಸ ಕವಲು ಚೆನ್ನಾಗಿ ಬರುತ್ತದೆ. ಮಾವು ಹೂ–ಪಿಂದೆಯಲ್ಲಿರುವಾಗ ಅದಕ್ಕೆ ಮಚ್ಚು ತಾಗಿಸಬಾರದು, ಅದರ ಸರದಿ ಕೊಯ್ಲಾದ ಮೇಲೆ. ತೆಂಗಿನ ಒಣಗರಿ ಇಳಿಸಲು ಮರಕ್ಕೆ ನೂರು ರೂಪಾಯಿಯ ಮೇಲೆ ಕೊಡಬೇಕಾಗುತ್ತದೆ. ಅದೂ ಹಬ್ಬದ ವಾರಕ್ಕಿಂತ ಕಡಿಮೆಯೇ. ಬೇಲಿಯ ಲಂಟಾನವನ್ನು ಕಾಮನ ಹುಣ್ಣಿಮೆಗೆ ಮುಂಚೆ ಕಡಿದಿಟ್ಟರೆ ಬೀದಿಯ ಹುಡುಗರು ತಾವೇ ಎಳೆದುಕೊಂಡು ಹೋಗುತ್ತಾರೆ. ಸಾಗಣೆಗೆ ಒಂದು ಪೈಸೆಯೂ ಇಲ್ಲ.

ಕಲ್ಲಿನ ರಾಶಿ, ಸೌದೆ, ಒಡೆದ ಹೆಂಚು, ಹಳೆಯ ಕೂಳೆಕಡ್ಡಿ ಇವನ್ನೂ ಇದೇ ಅವಧಿಯಲ್ಲಿ ಸರಿಸಬೇಕು, ಏಕೆಂದರೆ ಮೇ–ಜೂನ್‌ನಲ್ಲಿ ಕೊಳಕುಮಂಡಲ ಮರಿ ಹಾಕುವ ಕಾಲಕ್ಕೆ ಅಲ್ಲಿ ಕೈಯಿಡುವುದು ಜಾಣತನವಲ್ಲ. ಮನೆಯ ಗೋಡೆಯಿಂದ ಆರಂಭಿಸಿ ಬೇಲಿಯ ಕಡೆಗೆ ಸಾಗಿದರೆ ಒಳಗಿರುವ ಜೀವಿಗೆ ಹೊರದಾರಿ ಸಿಗುತ್ತದೆ. ಚಪ್ಪಡಿಯನ್ನು ಎತ್ತುವಾಗ ಆಚೆಯ ಅಂಚಿಗೆ ಹಾರೆ ಕೊಟ್ಟು ನಮ್ಮತ್ತ ಮಗುಚಿಕೊಳ್ಳಬೇಕು. ಆಗ ಸಂದಿಯ ಬಾಯಿ ಆಚೆಗೆ ತೆರೆಯುತ್ತದೆ, ಕಲ್ಲು ನಮಗೂ ಅದಕ್ಕೂ ನಡುವೆ ಅಡ್ಡವಾಗಿರುತ್ತದೆ. ಚೇಳಿನ ಮಟ್ಟಿಗೆ ಇದು ಹಲವು ಬಾರಿ ಉಪಯೋಗಕ್ಕೆ ಬಂದಿದೆ.

ತರಗೆಲೆಯನ್ನು ಹೊಂಗೆ ಪೂರ್ತಿ ಬೋಳಾಗಿ ತಾಮ್ರದ ಬಣ್ಣದ ಚಿಗುರು ಕಾಣುವವರೆಗೆ ಗುಡಿಸುವುದಿಲ್ಲ. ಅಲ್ಲಿಯವರೆಗೆ ಅದು ನೆಲದ ತೇವವನ್ನು ಕಾಯುತ್ತಿರಲಿ. ಆಮೇಲೆ ಒಂದೇ ಬಾರಿಗೆ ಕಡ್ಡಿ ಪೊರಕೆಯಲ್ಲಿ ಗುಡಿಸಿ ಗೊಬ್ಬರದ ಗುಂಡಿಗೆ ತುಂಬುತ್ತೇನೆ. ಒಣ ಎಲೆಯನ್ನು ನೆಲದ ಮೇಲೆಯೇ ರಾಶಿ ಹಾಕಿದ ವರ್ಷ ಗೊಬ್ಬರವಾಗುವ ಬದಲು ಗೆದ್ದಲಿನ ಪಾಲಾಯಿತು, ಹತ್ತಿರದ ಕೊಟ್ಟಿಗೆಯ ಕಂಬಕ್ಕೂ ಹತ್ತಿತು. ಬೇಸಿಗೆಯಲ್ಲಿ ಗುಂಡಿಗೆ ಸುರಿಯಲು ನೀರಿಲ್ಲದಿರುವುದೇ ನಮ್ಮ ಸೀಮೆಯ ದೊಡ್ಡ ತೊಡಕು. ಬಚ್ಚಲ ನೀರನ್ನು ಪೈಪಿನಲ್ಲಿ ಗುಂಡಿಗೆ ತಿರುಗಿಸಿದ ಮೇಲೆ ಅದು ತಕ್ಕಮಟ್ಟಿಗೆ ನೀಗಿದೆ. ಮಾವಿನ ಎಲೆ ತೊಗಲಿನಂತೆ ಗಟ್ಟಿಯಾದ್ದರಿಂದ ಅದನ್ನು ಬೇರೆ ಹಾಕುತ್ತೇನೆ. ಹೊಂಗೆ, ಬೇವಿನ ಎಲೆ ಬೇಗ ಕೊಳೆಯುತ್ತವೆ.

ಶಿಡ್ಲಘಟ್ಟದಲ್ಲಿದ್ದು ರೇಷ್ಮೆ ಹುಳುವಿನ ಹಿಕ್ಕೆಯನ್ನು ಬಳಸದಿದ್ದರೆ ಹೇಗೆ? ಪರಿಚಯದ ಹುಳುಮನೆಯಿಂದ ಚೀಲಕ್ಕೆ ಇಪ್ಪತ್ತು ಮೂವತ್ತು ರೂಪಾಯಿಗೆ ತಂದು ಒಂದು ಗೇಣು ಎಲೆಗೆ ಎರಡು ಬೆರಳು ದಪ್ಪದಂತೆ ಹಾಸಿ, ಮೇಲೆ ಸಗಣಿ ಬಗ್ಗಡ ಹೊಯ್ದೆ. ಮೊದಲ ಬಾರಿ ತಂದದ್ದು ಹುಳು ಜ್ವರಕ್ಕೆ (ಮೇವು ಬಿಟ್ಟು ಪೊರೆ ಕಳಚುವ ಹಂತಕ್ಕೆ) ಕೂತಾಗ ಸುಣ್ಣ ಉದುರಿಸಿದ ಹಾಸಿಗೆಯದು. ಸುಣ್ಣ ಸೇರಿದ್ದರಿಂದ ಮೂಗು ಕಿತ್ತುಹೋಗುವಂತಹ ಅಮೋನಿಯಾ ವಾಸನೆ ಎದ್ದು, ಹಿಕ್ಕೆಯ ಸಾರವೂ ಗಾಳಿಪಾಲಾಯಿತು. ಪಕ್ಕದ ಮನೆಯವರು ವಾರಗಟ್ಟಲೆ ಮಾತುಬಿಟ್ಟರು. ಈಗ ನಾಲ್ಕನೇ ಜ್ವರದಿಂದ ಎದ್ದು ಹುಳು ಜೋರಾಗಿ ಮೇಯುವಾಗಿನ ಹಿಕ್ಕೆಯನ್ನೇ ಕೇಳಿ ತರುತ್ತೇನೆ. ಅಂತಹ ಗುಂಡಿಗೆ ಕಬ್ಬಿಣದ ಸರಳು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಹಿಡಿಯಲಾಗದಷ್ಟು ಬಿಸಿಯಾಗಿರುತ್ತದೆ. ರೇಷ್ಮೆ ಹುಳುವಿಗೆ ಕಾಟ ಕೊಡುವ ಊಜಿ ನೊಣದ ಹುಳು, ರೋಗದ ಬೀಜ ಅದರಲ್ಲಿರಬಹುದಾದ್ದರಿಂದ ಹುಳುಮನೆಯ ಹತ್ತಿರ ಈ ಗುಂಡಿ ಬೇಡ, ಗುಂಡಿಯ ಬಾಯಿಗೆ ಮಣ್ಣು ಮೆತ್ತುವುದನ್ನೂ ಮರೆಯಬಾರದು. ಬಗ್ಗಡಕ್ಕೆ ನಾನು ಬೆರೆಸುವ ಇನ್ನೊಂದು ವಸ್ತುವಿದೆ. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಇನ್ನು ಮಣ್ಣಿನ ಕೆಲಸ. ರೇವತಿಯಲ್ಲೋ ಅಶ್ವಿನಿಯಲ್ಲೋ ಒಂದು ಹದ ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ನೆಲ ಹಸಿರಾಗುತ್ತದೆ. ಹಬ್ಬಕ್ಕೆ ಕೆತ್ತಿಸಿದವರ ಹಿತ್ತಲಲ್ಲಿಯೂ ಹಾಗೆಯೇ ಆಗುತ್ತದೆ, ಏಕೆಂದರೆ ಒಣ ನೆಲವನ್ನು ಕೆತ್ತಿದರೆ ಹೋಗುವುದು ಒಣಗಿದ ಕಡ್ಡಿ ಮಾತ್ರ, ಬೀಜ ಅಲ್ಲಿಯೇ ಉಳಿಯುತ್ತದೆ. ಪಾರ್ಥೇನಿಯಂ ಗಿಡವೊಂದು ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ಆ ಬೀಜ ಹುಟ್ಟಲೆಂದೇ ನಾನು ಕಾಯುತ್ತೇನೆ. ಎರಡು ಬೀಜದೆಲೆಗಳ ನಡುವೆ ಸೀಳುಸೀಳಾದ ಎಲೆಗಳು ಮೂರು ನಾಲ್ಕು ಮೂಡಿ, ಗಿಡ ನೆಲಕ್ಕೆ ಅಂಟಿದ ಚಕ್ರದಂತೆ ರೂಪಾಯಿ ನಾಣ್ಯದಗಲ ಕಂಡಾಗ ಅದೇ ಹದ. ಬೆಳಿಗ್ಗೆ ಏಳು ಗಂಟೆಗೆ ಸನಿಕೆಯನ್ನು ಬಹುತೇಕ ಮಲಗಿಸಿ ಹಿಡಿದು ಅರ್ಧ ಅಂಗುಲಕ್ಕಿಂತ ಆಳಕ್ಕೆ ಹೋಗದಂತೆ ಹೆರೆಯುತ್ತೇನೆ. ಬೇರು ಬಿಳಿ ದಾರದಷ್ಟೇ ಇರುವುದರಿಂದ ಕಿತ್ತದ್ದನ್ನು ಅಲ್ಲಿಯೇ ಬಿಟ್ಟರೂ ಮಧ್ಯಾಹ್ನದ ಬಿಸಿಲಿಗೆ ಗರಿಗರಿಯಾಗಿ ಒಣಗುತ್ತದೆ. ಹೊರಬೇಕಿಲ್ಲ, ಸುಡಬೇಕಿಲ್ಲ. ಗುದ್ದಲಿ ಹಿಡಿದು ಆಳಕ್ಕೆ ಕೆತ್ತಿದರೆ ಕೆಳಗೆ ಮಲಗಿರುವ ಹಳೆಯ ಬೀಜಗಳನ್ನು ನಾವೇ ಮೇಲೆ ತಂದಂತಾಗುತ್ತದೆ. ಕೂಲಿಯವರಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಯಿತು. ‘ಇಷ್ಟು ಮೇಲೆ ಮೇಲೆ ಕೆರೆದರೆ ಕೂಲಿ ತಗೊಳ್ಳೋಕೆ ನಾಚಿಕೆ ಆಗುತ್ತೆ ಸ್ವಾಮಿ’ ಎಂದರು ಒಬ್ಬರು.

ಭರಣಿ ಮಳೆಗೆ ಎರಡನೇ ಹುಟ್ಟುವಳಿ ಬರುತ್ತದೆ, ಮೊದಲಿನ ಅರ್ಧದಷ್ಟಿರಬಹುದು. ಮತ್ತೆ ಹೆರೆದರೆ ಕೃತ್ತಿಕೆಗೆ ಬರುವುದು ಅಲ್ಲೊಂದು ಇಲ್ಲೊಂದು, ಅದನ್ನು ಕೈಯಲ್ಲೇ ಕೀಳಬಹುದು. ರೋಹಿಣಿಗೆ ಹೀರೆ, ಕುಂಬಳದ ಬೀಜ ಊರುವ ಹೊತ್ತಿಗೆ ನೆಲ ಚೊಕ್ಕಟವಾಗಿರುತ್ತದೆ. ಎಳೆಯ ಗಿಡವಾದರೂ ಕೈಗವಸು, ತುಂಬುತೋಳಿನ ಅಂಗಿ ಬೇಕು. ಪಾರ್ಥೇನಿಯಂ ಚರ್ಮಕ್ಕೆ ಒಮ್ಮೆ ಒಗ್ಗದೆಹೋದರೆ ಆಮೇಲೆ ಬಿಡುವುದಿಲ್ಲ.

ಮಳೆ ಕೈಕೊಟ್ಟರೆ ಏನು ಮಾಡುವುದೆಂಬ ಪ್ರಶ್ನೆಗೆ 2024 ಉತ್ತರ ಕೊಟ್ಟಿತು. ಬರದ ಮರುವರ್ಷದ ಆ ಬೇಸಿಗೆಯಲ್ಲಿ ಅಶ್ವಿನಿ ಪೂರ್ತಿ ಒಣಗಿಯೇ ಹೋಯಿತು, ನೆರೆಯವರು ನನ್ನ ಹಿತ್ತಲನ್ನು ತೋರಿಸಿ ಮಾತನಾಡಿಕೊಳ್ಳುವಂತಾಯಿತು. ಒಂದು ಟ್ಯಾಂಕರ್ ನೀರಿಗೆ ಏಳುನೂರರ ಆಸುಪಾಸು ಕೊಟ್ಟು ಬಚ್ಚಲ ಪಕ್ಕದ ಒಂದು ಗುಂಟೆಗೆ ಮಾತ್ರ ಚಿಮುಕಿಸಿ ನೋಡಿದೆ. ಕಳೆ ಹುಟ್ಟಿತೇನೋ ನಿಜ, ಆದರೆ ಇಡೀ ಹಿತ್ತಲಿಗೆ ಹಾಗೆ ಮಾಡುವುದು ಕೂಲಿಗಿಂತ ದುಬಾರಿ. ಉಳಿದದ್ದನ್ನು ಮೇ ತಿಂಗಳ ಮಳೆಗೆ ಬಿಟ್ಟೆ. ಎರಡು ಹೆರೆತದ ಬದಲು ಒಂದೇ ಸಿಕ್ಕಿತು, ಆದರೂ ಹಳೆಯ ಪದ್ಧತಿಗಿಂತ ಮೇಲಾಯಿತು.

ಈ ನಡುವೆ ಬೇರೆ ದಾರಿಗಳನ್ನೂ ಪರೀಕ್ಷಿಸಿದ್ದೇನೆ. ಲೀಟರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಸಿಂಪಡಿಸಿದರೆ ಪಾರ್ಥೇನಿಯಂ ಸುಟ್ಟುಹೋಗುತ್ತದೆ. ಆದರೆ ಮೊದಲೇ ಸವಳಾದ ಬೋರ್‌ವೆಲ್ ನೀರು ಕುಡಿಯುವ ನಮ್ಮ ಮಣ್ಣಿಗೆ ಇನ್ನಷ್ಟು ಉಪ್ಪು ಬೇಡವೆಂದು ಬೀದಿ ಕಡೆಯ ಕಲ್ಲುಗೋಡೆಯ ಬುಡಕ್ಕೆ ಮಾತ್ರ ಬಳಸುತ್ತೇನೆ. ಅಂಗಡಿಯ ಕಳೆನಾಶಕ ಮಾರ್ಚ್‌ನಲ್ಲಿ ದೂಳು ಮೆತ್ತಿದ ಬಾಡಿದ ಎಲೆಗೆ ಹಿಡಿಯಲಿಲ್ಲ, ಗಾಳಿಗೆ ತೇಲಿ ಕನಕಾಂಬರದ ಸಾಲನ್ನು ಮಾತ್ರ ಚೆನ್ನಾಗಿ ಹಿಡಿಯಿತು. ಪಾರ್ಥೇನಿಯಂ ತಿನ್ನಲೆಂದು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮಾ ದುಂಬಿ, ಅಂದರೆ ಕೆನೆಬಣ್ಣದ ಬೆನ್ನಿನ ಮೇಲೆ ಕಡುಗಂದು ಗೆರೆಗಳಿರುವ ಆ ಪುಟ್ಟ ದುಂಬಿ, ಈಗ ನಮ್ಮ ಕೆರೆ ಏರಿಯ ಮೇಲೂ ಇದೆ. ಬೇಸಿಗೆಯಲ್ಲಿ ಅದು ಮಣ್ಣಿನೊಳಗೆ ಮಲಗಿರುವುದರಿಂದ ಏಪ್ರಿಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಗಸ್ಟ್‌ನಲ್ಲಿ ಡಬ್ಬಿ ತುಂಬ ಹಿಡಿದು ತಂದು ಬೇಲಿಯಾಚೆಯ ಖಾಲಿ ನಿವೇಶನದಲ್ಲಿ ಬಿಟ್ಟೆ. ಗಿಡಗಳನ್ನು ಜರಡಿ ಮಾಡಿದವು, ಆದರೆ ಅಷ್ಟರಲ್ಲಿ ಅರ್ಧ ಗಿಡಗಳು ಹೂಬಿಟ್ಟಿದ್ದವು.

ಹಬ್ಬದ ದಿನ ಕಸವಿರಬಾರದೆಂಬ ಮನೆಯವರ ಮಾತಿಗೆ ನಾನು ಎದುರಾಡಲಿಲ್ಲ. ಮುಂಬಾಗಿಲು, ತುಳಸಿಕಟ್ಟೆ, ಬಚ್ಚಲಿನವರೆಗಿನ ದಾರಿ ಇಷ್ಟನ್ನು ಹಬ್ಬದ ಮುನ್ನಾದಿನ ನಾವೇ ಗುಡಿಸಿ ಸಾರಿಸುತ್ತೇವೆ.

ಈಗಿನ ಖರ್ಚು: ತೆಂಗಿಗೆ ಐನೂರು, ಕತ್ತರಿಸುವ ಕೆಲಸಕ್ಕೆ ಒಂದು ಗಂಡಾಳು, ಎರಡು ಹೆರೆತಕ್ಕೆ 400ರಂತೆ ಹೆಣ್ಣಾಳುಗಳು, ಹಿಕ್ಕೆ ಮತ್ತು ಸಾಗಣೆ ಸೇರಿ ನಾಲ್ಕು ಸಾವಿರದೊಳಗೆ ಮುಗಿಯುತ್ತದೆ. ಟ್ರ್ಯಾಕ್ಟರ್ ಲೋಡಿಗೆ ನಾಲ್ಕು ಸಾವಿರ ಕೊಟ್ಟು ತರುತ್ತಿದ್ದ ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧದಷ್ಟು ಗುಂಡಿಯಿಂದಲೇ ಬರುತ್ತಿದೆ. ಟೊಮೆಟೊ ಕೊಯ್ಲಿನ ನಡುವೆಯೂ ನನಗೆ ಆಳು ಹೇಗೆ ಸಿಗುತ್ತಾರೆಂದು ಹಲವರು ಕೇಳುತ್ತಾರೆ, ಅದನ್ನು ಹೇಳಿದರೆ ಮುಂದಿನ ವರ್ಷ ನನಗೆ ಸಿಗುವುದಿಲ್ಲ.

ಈ ಕ್ರಮಕ್ಕೆ ಬಗ್ಗದಿರುವುದು ಜೇಕು ಹುಲ್ಲು ಒಂದೇ. ಗಡ್ಡೆಯಿಂದ ಹುಟ್ಟುವ ಅದನ್ನು ಮೇಲೆ ಹೆರೆದರೆ ವಾರದಲ್ಲಿ ಮತ್ತೆ ತಲೆಯೆತ್ತುತ್ತದೆ. ಟೊಮೆಟೊ ತೋಟದವರು ಬಿಸಾಡಿದ ಬೆಳ್ಳಿ ಬಣ್ಣದ ಮಲ್ಚಿಂಗ್ ಹಾಳೆಯನ್ನು ಹೊದಿಸಿದರೆ ಸೂಜಿಯಂತೆ ಚುಚ್ಚಿಕೊಂಡು ಹೊರಬಂತು. ನೆಲ ನೆನೆಸಿ ಪಾರದರ್ಶಕ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿದ ತುಂಡಿನಲ್ಲಿ ಮಾತ್ರ ಮೊಳಕೆ ಒಳಗೇ ಬೆಂದು ಹಳದಿಯಾಯಿತು. ಹಾಳೆಗೆ ಆರುನೂರು ಚಿಲ್ಲರೆ ಆಗಿತ್ತು, ಮುಂದಿನ ಅಶ್ವಿನಿಗೆ ಬಾವಿಯ ಪಕ್ಕದ ಅರ್ಧ ಗುಂಟೆಗೂ ಅದನ್ನೇ ಹೊದಿಸುವವನಿದ್ದೇನೆ.