ಆಗಮನ ಕಾಲ: ನಾಲ್ಕು ವಾರ, ನಾಲ್ಕು ಜಾವ

ನವೆಂಬರ್ ಕೊನೆಗೆ ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತ ನಕ್ಷತ್ರ, ಯೇಸು ಹುಟ್ಟಿದ ಗೋದಲಿಯ ಗೊಂಬೆಗಳು ಬಂದಿಳಿಯುತ್ತವೆ. ಕೇಕು, ಕ್ಯಾರಲ್ಸು ಎಲ್ಲ ಅಲ್ಲಿಂದಲೇ ಶುರು. ಡಿಸೆಂಬರ್ 24ನೇ ತಾರೀಕಿಗೆ ಮನೆಮಂದಿಗೆಲ್ಲ ಹಬ್ಬ ಸಾಕಾಗಿರುತ್ತದೆ. ಅದಕ್ಕೇ ನಮ್ಮ ಮನೆಯ ಮೊದಲ ನಿಯಮ: ಕ್ರಿಸ್ಮಸ್ ಅನ್ನು 24ರ ರಾತ್ರಿವರೆಗೆ ಹೊಸ್ತಿಲಾಚೆ ನಿಲ್ಲಿಸುವುದು.

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವ ಕಾಲವೇ ಆಗಮನ ಕಾಲ. 2026ರಲ್ಲಿ ಅದು ಶುರುವಾಗುವುದು ನವೆಂಬರ್ 29ರ ಭಾನುವಾರ. ಆ ದಿನ ಚರ್ಚಿನಲ್ಲಿ ಓದುವ ಶುಭಸಂದೇಶ, ಅಂದರೆ ಬೈಬಲ್ ಪಾಠ, ಮಾರ್ಕನ 13ನೇ ಅಧ್ಯಾಯದ್ದು, ಯೇಸು ಹೇಳಿದ ಒಂದು ಕಥೆ. ಯಜಮಾನ ಪರವೂರಿಗೆ ಹೋಗಿದ್ದಾನೆ. ಬಾಗಿಲು ಕಾಯುವವನಿಗೆ ಎಚ್ಚರವಾಗಿರು ಅಂತ ಹೇಳಿದ್ದಾನೆ. ವಾಪಸ್ ಬರುವುದು ಸಂಜೆಯೋ, ನಡುರಾತ್ರಿಯೋ, ಕೋಳಿ ಕೂಗುವ ಹೊತ್ತೋ, ಮುಂಜಾನೆಯೋ ಗೊತ್ತಿಲ್ಲ. ಜಾವ ನಾಲ್ಕು, ವಾರವೂ ನಾಲ್ಕು. ವಾರಕ್ಕೊಂದು ಜಾವ ಹಂಚಿಕೊಳ್ಳಿ. ಇದು ಚರ್ಚಿನ ನಿಯಮ ಅಲ್ಲ, ನನ್ನ ಲೆಕ್ಕ.

ಮೊದಲು ಮೇಜಿನ ಮೇಲೆ ಹಸಿರು ಬಳೆ ಮಾಡಿಕೊಳ್ಳಿ. ತಟ್ಟೆಯ ಸುತ್ತ ಸರ್ವೆ ಸೊಪ್ಪು, ವಾರಕ್ಕೊಂದರಂತೆ ನಾಲ್ಕು ಮೇಣದ ಬತ್ತಿ. ಮೂರು ನೇರಳೆ, ಒಂದು ಗುಲಾಬಿ. ನೇರಳೆ ಸಿಗದಿದ್ದರೆ ಬಿಳಿ ಬತ್ತಿಗೆ ನೇರಳೆ ರಿಬ್ಬನ್ ಕಟ್ಟಿದರಾಯಿತು. ಈ ಪದ್ಧತಿ 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ವಿಖರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ ಬಡ ಮಕ್ಕಳಿಗಾಗಿ ಮಾಡಿದ್ದು. ಕ್ಯಾಥೋಲಿಕರಾದ ನಾವು ಆಮೇಲೆ ಕಲಿತೆವು.

ಮೊದಲ ವಾರ ಸಂಜೆಯದು. ಬತ್ತಿ ಹಚ್ಚಿದ ಹೊತ್ತಿನಿಂದ ಊಟದವರೆಗೆ ಎಲ್ಲರ ಫೋನೂ ಡ್ರಾಯರ್‌ನಲ್ಲಿ. ನಮ್ಮನೆಯವರು ಆಫೀಸಿನ ಕರೆ ಅಂತ ಗೊಣಗುತ್ತಾರೆ, ಗೊಣಗಲಿ. ಆ ಹೊತ್ತಿನಲ್ಲಿ ಕಾಲಿಂಗ್ ಬೆಲ್ ಆದರೆ ಮಾತ್ರ ಎದ್ದು ಹೋಗಿ ಬಾಗಿಲು ತೆಗೆಯಬೇಕು. ಬಂದವರು ಕೊರಿಯರ್ ಹುಡುಗನಾದರೂ ಸರಿ, ಮುಖ ನೋಡಿ ಎರಡು ಮಾತಾಡಿ, ನೀರು ಬೇಕಾ ಕೇಳಿ. ಬಾಗಿಲು ಕಾಯುವ ಕೆಲಸ ಅಂದರೆ ಇದೇ ಅಲ್ವಾ?

ಎರಡನೇ ವಾರ, ನಡುರಾತ್ರಿ. ಅಷ್ಟು ಹೊತ್ತು ಕೂರಬೇಕಿಲ್ಲ. ಮಲಗುವ ಮುಂಚೆ ಐದು ನಿಮಿಷ, ಇವತ್ತು ದೇವರು ಎಲ್ಲಿ ಬಂದಿದ್ದರು, ನಾನು ಎಲ್ಲಿ ನೋಡದೆ ಹೋದೆ ಅಂತ ಯೋಚಿಸಿ. ನಿದ್ದೆ ಬಂದರೆ ಮಲಗಿಬಿಡಿ.

ಮೂರನೇ ವಾರ ಕೋಳಿ ಕೂಗುವ ಹೊತ್ತು. ಕೋಳಿ ಅಂದ ಕೂಡಲೇ ಯೇಸುವಿನ ಶಿಷ್ಯ ಪೇತ್ರ ನೆನಪಾಗುತ್ತಾನೆ. ಯೇಸುವನ್ನು ಹಿಡಿದ ರಾತ್ರಿ, ಕೋಳಿ ಕೂಗುವ ಮುಂಚೆ, ಬೆಂಕಿ ಕಾಯಿಸಿಕೊಳ್ಳುತ್ತಾ "ಅವನು ನನಗೆ ಗೊತ್ತೇ ಇಲ್ಲ" ಅಂದವನು. ಫಾದರ್ ಹತ್ತಿರ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಇದೇ ವಾರ ಹೋಗಿ. 23ಕ್ಕೆ ಬಿಟ್ಟರೆ ಉದ್ದದ ಸಾಲು, ಫಾದರ್‌ಗೂ ಸುಸ್ತು. ಹತ್ತು ಕಟ್ಟಳೆಯ ಪಟ್ಟಿಯ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಈ ವರ್ಷ ಯಾರನ್ನು ಗೊತ್ತೇ ಇಲ್ಲ ಅನ್ನುವ ಹಾಗೆ ನಡೆಸಿಕೊಂಡೆ? ಲಿಫ್ಟಿನಲ್ಲಿ ಸಿಗುವ ಕಸ ಗುಡಿಸುವ ಹೆಂಗಸು, ಸಾಲ ಕೇಳಿಯಾನು ಅಂತ ನಾನು ಫೋನ್ ಎತ್ತದ ತಮ್ಮ, ಸೈಟಿನ ವಿಷಯಕ್ಕೆ ಮಾತು ಬಿಟ್ಟ ಓರಗಿತ್ತಿ. ಕ್ಷಮೆ ಕೇಳಬೇಕಾದವರಿಗೆ ಮೊದಲು ಫೋನ್ ಮಾಡಿ, ಆಮೇಲೆ ಚರ್ಚಿಗೆ ಹೋಗಿ. ಆ ಕಡೆಯವರು ಫೋನ್ ಇಟ್ಟುಬಿಟ್ಟರೆ ಅದು ಅವರಿಗೆ ಬಿಟ್ಟದ್ದು. ಗುಲಾಬಿ ಬತ್ತಿ ಹಚ್ಚುವುದು ಈ ವಾರವೇ, ಸಂತೋಷದ ಭಾನುವಾರ. ಹೊರೆ ಇಳಿಸುವ ಕೆಲಸಕ್ಕೆ ಸಂತೋಷದ ವಾರವೇ ಸರಿ ಅಂತ ನನ್ನ ಅನಿಸಿಕೆ.

ನಾಲ್ಕನೆಯದು ಮುಂಜಾನೆ. 2026ರಲ್ಲಿ ಈ ವಾರ ಡಿಸೆಂಬರ್ 20ರಿಂದ 24, ಐದೇ ದಿನ. ಸಾಧ್ಯವಾದರೆ ಚರ್ಚಿನ ಬೆಳಗಿನ ಬಲಿಪೂಜೆಗೆ (ಮಾಸ್) ಹೋಗಿ. ಆಗದಿದ್ದರೆ ಹಾಲು ಬರುವ ಹೊತ್ತಿಗೆ ಎದ್ದು ಲೂಕನ ಮೊದಲ ಅಧ್ಯಾಯವನ್ನು ಸ್ವಲ್ಪ ಸ್ವಲ್ಪವೇ ಓದಿ. 24ರ ಬೆಳಗ್ಗೆಗೆ ಅದೇ ಅಧ್ಯಾಯದ ಕೊನೆಯ, ಸ್ನಾನಿಕ ಯೋಹಾನನ ಅಪ್ಪ ಜಕರೀಯನ ಹಾಡು ಉಳಿದಿರಲಿ. ಕತ್ತಲಲ್ಲಿ ಕೂತವರಿಗೆ ಮೇಲಿನಿಂದ ಬೆಳಗಾಗುತ್ತದೆ ಅನ್ನುವ ಮಾತು ಬರುವುದು ಅದರಲ್ಲೇ.

ಹಬ್ಬ ತಡೆಯುವ ವಿಷಯದಲ್ಲಿ ಜಾಸ್ತಿ ಕಟ್ಟುನಿಟ್ಟು ಬೇಡ. ಕ್ಯಾರಲ್ಸ್ ತಂಡ ಬಂದರೆ ಸುಮ್ನೆ ಜೊತೆಗೆ ಹಾಡಿ. ಹಬ್ಬದ ಸಿಹಿ ತಿಂಡಿ ಕಲ್ಕಲ್ ಕರಿದು ಡಬ್ಬಿಗೆ ಹಾಕಿಡಿ, ಮುಚ್ಚಳ ಮಾತ್ರ ತೆಗೆಯಬೇಡಿ. ಆಗಮನ ಕಾಲದ ಭಾನುವಾರಗಳಲ್ಲಿ ಚರ್ಚಿನಲ್ಲೂ ದೇವದೂತರ ಮಹಿಮೆ ಗೀತೆ ಹಾಡುವುದಿಲ್ಲ, ಕ್ರಿಸ್ಮಸ್ ರಾತ್ರಿಗೆ ಎತ್ತಿಡುತ್ತಾರೆ. ಗೋದಲಿ ಮೊದಲೇ ಕಟ್ಟಬಹುದು, ಬಾಲಯೇಸುವನ್ನು ಮಲಗಿಸುವುದು ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ. ಮಕ್ಕಳು ಅಷ್ಟು ಹೊತ್ತು ಎದ್ದಿರಬೇಕಾದರೆ ಅವತ್ತು ಮಧ್ಯಾಹ್ನ ಬಲವಂತವಾಗಿಯಾದರೂ ನಿದ್ದೆ ಮಾಡಿಸಿ.