ಅಪ್ಪಾ, ಇನ್ನೊಂದ್ಸಲ!

ನನ್ನ ಮಗಳಿಗೆ ಈಗ ಮೂರೂವರೆ ವರ್ಷ. ಬೆಂಗಳೂರಿನ ಬಸವನಗುಡಿಯಲ್ಲಿ ನಮ್ಮ ಮನೆ. ಅವಳ ಪ್ಲೇಹೋಮ್ ಹತ್ತಿರದಲ್ಲೇ ಇದೆ, ದೊಡ್ಡವರು ಹತ್ತು ನಿಮಿಷದಲ್ಲಿ ನಡೆದು ಮುಟ್ಟಬಹುದು. ನಾವಿಬ್ಬರು ಮುಕ್ಕಾಲು ಗಂಟೆ ಮುಂಚೆಯೇ ಹೊರಡುತ್ತೇವೆ. ಅವಳ ಸಣ್ಣಪುಟ್ಟ ಖುಷಿಗಳಿಗಾಗಿ ನಾನು ಮಾಡಿಕೊಂಡಿರುವ ದೊಡ್ಡ ಏರ್ಪಾಡು ಇದೇ. ಗಡಿಬಿಡಿಯಲ್ಲಿ ಹೊರಟ ದಿನವೂ ಅವಳ ಕಣ್ಣಿಗೆ ಎಲ್ಲ ಬೀಳುತ್ತದೆ. ನಿಂತು ನೋಡೋಕೆ ಪುರುಸೊತ್ತು ಇರುವುದಿಲ್ಲ, ಅಷ್ಟೇ.

ಬೇಗ ಹೊರಡಬೇಕಾದರೆ ರಾತ್ರಿಯೇ ಬಟ್ಟೆ, ಚೀಲ, ನೀರಿನ ಬಾಟಲಿ ಎಲ್ಲ ಎತ್ತಿಡಬೇಕು. ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿಸುವ ಹೊತ್ತಿಗೆ ಅವಳು ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುತ್ತಾಳೆ. ಹಸಿ ಕಸದ ಬಕೆಟ್ಟು ಕೊಡುವುದು ಅವಳ ಕೆಲಸ, ನಾನು ಬಕೆಟ್ಟಿನ ಕೆಳಗೆ ಕೈ ಹಿಡಿದಿರುತ್ತೇನೆ. ಗಾಡಿಯ ಅಕ್ಕ 'ಏನ್ ಪುಟ್ಟಿ, ತಿಂಡಿ ಆಯ್ತಾ?' ಅಂದರೆ ಸಾಕು, ಮುಖ ಊರಗಲ ಆಗುತ್ತದೆ.

ದಾರಿಯಲ್ಲಿ ಒಂದು ನೀರುಕಾಯಿ ಮರ ಇದೆ. ಆಫ್ರಿಕಾದಿಂದ ಬಂದ ಮರ, ಕೇಸರಿ ಮಿಶ್ರಿತ ಕೆಂಪು ಹೂ. ಹೂ ನಮ್ಮಂಥವರಿಗೆ. ಮಕ್ಕಳಿಗೆ ಬೇಕಾದದ್ದು ಮೊಗ್ಗು. ಹುಲಿ ಉಗುರಿನ ಹಾಗೆ ಬಾಗಿದ ಕಂದು ಬಣ್ಣದ ಮೊಗ್ಗು, ಒಳಗೆ ನೀರು. ಕೆಳಗೆ ಬಿದ್ದವುಗಳಲ್ಲಿ ಗಟ್ಟಿಯಾಗಿರೋದನ್ನು ಆರಿಸಿ, ತುದಿ ಚಿವುಟಿ, ಹಿಂಡಿದರೆ ಪಿಚಕ್ ಅಂತ ಚಿಮ್ಮುತ್ತದೆ. ಮೊದಮೊದಲು ನಾನು ಚಿವುಟಿ ಕೊಡುತ್ತಿದ್ದೆ. ಈಗ ಅವಳೇ ಎರಡೂ ಕೈಯಲ್ಲಿ ಹಿಡಿದು, ನಾಲಿಗೆ ಹೊರಗೆ ಹಾಕಿ, ಕಣ್ಣು ಕಿರಿದು ಮಾಡಿ ನನ್ನ ಮೂಗಿಗೇ ಗುರಿಯಿಡುತ್ತಾಳೆ. ನೀರು ಒಮ್ಮೊಮ್ಮೆ ಅವಳ ಕಿವಿಯ ಕಡೆಗೇ ಹಾರುತ್ತದೆ. ಆಗ ನಗು ಇನ್ನೂ ಜಾಸ್ತಿ. ಬಟ್ಟೆಗೆ ಹಳದಿ ಕಲೆ ಬೀಳುತ್ತದೆ ಅಂತ ಬೆಳಗಿನ ನಡಿಗೆಗೆ ಹಳೇ ಅಂಗಿ ಹಾಕಿ, ಪ್ಲೇಹೋಮ್ ಬಾಗಿಲಲ್ಲಿ ಬದಲಿಸುತ್ತೇನೆ. ಹಳೇ ಅಂಗಿ ಇದ್ದರೆ 'ಬೇಡ, ಕೊಳೆ' ಅನ್ನುವ ಮಾತೇ ಬಾಯಿಗೆ ಬರುವುದಿಲ್ಲ.

ಆಮೇಲೆ ಕೇಳಿಬರುವ ಮಾತು: 'ಅಪ್ಪಾ, ಇನ್ನೊಂದ್ಸಲ!'

ಇದಕ್ಕೆ ಆದಷ್ಟು 'ಹೂಂ' ಅನ್ನುವುದು ನನ್ನ ಅಭ್ಯಾಸ. ನಮಗೆ ಎರಡನೇ ಸಲಕ್ಕೇ ಹಳೆಯದಾಗುವುದು ಅವಳಿಗೆ ಹತ್ತನೇ ಸಲಕ್ಕೆ ರುಚಿ ಹತ್ತುತ್ತದೆ. ಈ ಸಲವೂ ಚಿಮ್ಮುತ್ತಾ, ಇದರಲ್ಲೂ ನೀರಿದೆಯಾ ಅಂತ ಪರೀಕ್ಷೆ ಮಾಡುತ್ತಾಳೆ. ತಾನು ಅಂದುಕೊಂಡಿದ್ದೇ ಆಯಿತು ಅನ್ನುವುದರಲ್ಲೇ ಅರ್ಧ ಖುಷಿ ಇದೆ ಅನ್ನಿಸುತ್ತದೆ ನನಗೆ. ಅವಳಾಗಿಯೇ ಕೈ ಕೊಡವಿ ಮುಂದೆ ನಡೆಯುವವರೆಗೂ ನಾನು ಕಾಯುತ್ತೇನೆ. ಮೊಬೈಲು ಚೀಲದೊಳಗೆ ಇರುತ್ತದೆ. ಫೋಟೋ ತೆಗೆಯಲು ಹೋದರೆ ಅವಳು ಮೊಗ್ಗು ಬಿಟ್ಟು ಮೊಬೈಲು ನೋಡುತ್ತಾಳೆ.

ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಓಡಾಡಿಕೊಂಡಿರಬೇಕು, ಪರದೆ ಮುಂದೆ ಒಂದು ಗಂಟೆಗಿಂತ ಹೆಚ್ಚು ಕೂರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೂರು ಗಂಟೆ ಅಂದರೆ ಅಬ್ಬಾ ಅನ್ನಿಸುತ್ತದೆ, ಅಲ್ವಾ? ಆದರೆ ಬೆಳಗಿನ ನಡಿಗೆ, ಸಂಜೆ ಮೆಟ್ಟಿಲು ಹತ್ತಿ ಇಳಿಯುವುದು, ತಾರಸಿಯಲ್ಲಿ ತನ್ನ ನೆರಳನ್ನೇ ಅಟ್ಟಿಸಿಕೊಂಡು ಓಡುವುದು ಎಲ್ಲ ಸೇರಿದರೆ ತಾನಾಗಿಯೇ ತುಂಬುತ್ತದೆ. ಇದಕ್ಕೆಂದು ಬೇರೆ ಕ್ಲಾಸಿಗೆ ಸೇರಿಸಬೇಕಾಗಿಲ್ಲ.

ಭಾನುವಾರ ಲಾಲ್‌ಬಾಗ್. ಗಾಜಿನ ಮನೆ ಅವಳಿಗೆ ಅಷ್ಟಕ್ಕಷ್ಟೆ. ಬಂಡೆ ಹತ್ತಬೇಕು. ಮುನ್ನೂರು ಕೋಟಿ ವರ್ಷ ಹಳೆಯ ಬಂಡೆ ಅದು, ಸರ್ಕಾರ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಮಳೆ ಬಂದ ಮಾರನೇ ದಿನ ಬಂಡೆಯ ತಗ್ಗಿನಲ್ಲಿ ಅಂಗೈಯಗಲ ನೀರು ನಿಂತಿರುತ್ತದೆ. ಮಗಳು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಣ ಎಲೆ ಬಿಡುತ್ತಾಳೆ, ಊದುತ್ತಾಳೆ, ಎಲೆ ಆ ದಡ ಮುಟ್ಟಿದ ಕೂಡಲೇ ಎತ್ತಿ ಮತ್ತೆ ಈ ದಡಕ್ಕೆ ತರುತ್ತಾಳೆ. ಪಕ್ಕದಲ್ಲಿ ನಾನೂ ಕೂರಬೇಕು. ನಿಂತುಕೊಂಡಿದ್ದರೆ ಆಗದು, 'ಕೂತ್ಕೊ ಅಪ್ಪ' ಅಂತ ಪ್ಯಾಂಟು ಎಳೆಯುತ್ತಾಳೆ.

ಅಡುಗೆಮನೆ ಅವಳ ಅಮ್ಮನ ಲೆಕ್ಕ. ಚಪಾತಿ ದಿನ ನಿಂಬೆಹಣ್ಣಿನಷ್ಟು ಹಿಟ್ಟು ಇವಳ ಪಾಲಿಗೆ ಬರುತ್ತದೆ. ಚಿಕ್ಕ ಲಟ್ಟಣಿಗೆಯಲ್ಲಿ ಲಟ್ಟಿಸಿದ್ದು ಆಮೆಯಾಗಿರಲಿ, ಮೋಡವಾಗಿರಲಿ, ಅದೂ ಕಾವಲಿಗೆ ಬೀಳುತ್ತದೆ, ತುಪ್ಪ ಹಚ್ಚಿಕೊಂಡು ತಟ್ಟೆಗೂ ಬರುತ್ತದೆ. ಅದನ್ನು ತಿನ್ನುವವನು ನಾನು.

ಹೋದ ಮಳೆಗಾಲದಲ್ಲಿ ಸಾಗರದ ಅಜ್ಜಿ ಮನೆಯ ಬೇಲಿ ಪಕ್ಕ ಮುಟ್ಟಿದರೆ ಮುನಿ ಸಿಕ್ಕಿತು. ಮುಟ್ಟಿದ ಕೂಡಲೇ ಎಲೆಯ ಬುಡದಲ್ಲಿರುವ ನೀರು ಸರಿದುಹೋಗುತ್ತದೆ, ಎಲೆ ಮಡಚಿಕೊಳ್ಳುತ್ತದೆ. ಮಡಚಿದ್ದನ್ನು ನೋಡುವುದಕ್ಕಿಂತ ಬಿಚ್ಚುವುದನ್ನು ಕಾಯುವುದೇ ಅವಳಿಗೆ ಹಿಡಿಸಿತು. ಹತ್ತು ಹದಿನೈದು ನಿಮಿಷ ಬೇಕು ಅದಕ್ಕೆ. ಅಷ್ಟೂ ಹೊತ್ತು ಅಜ್ಜಿ ಕೊಡೆ ಹಿಡಿದುಕೊಂಡು ನಿಂತಿದ್ದರು. 'ಮುನಿಸು ಹೋಯ್ತೇನೇ ಅದಕ್ಕೆ?' ಅಂತ ಅಜ್ಜಿ ಕೇಳುವುದು, 'ಇನ್ನೂ ಇಲ್ಲ ಅಜ್ಜಿ' ಅಂತ ಇವಳು ಪಿಸುಗುಟ್ಟುವುದು.

ಜುಲೈಯಲ್ಲಿ ಮತ್ತೆ ಹೋಗುತ್ತೇವೆ. ಈ ಸಲ ಗಂಬೂಟು ಬೇಕಂತೆ, ಕೆಂಪು ಬಣ್ಣದ್ದೇ ಆಗಬೇಕಂತೆ.